ಗುತ್ತಿಯ ನೀಲಿ ಜೇಡ

ಗುತ್ತಿಯ ಹೆಸರು ನಮ್ಮ ಬಳ್ಳಾರಿ ಸೀಮೆಯವರಿಗೆ ಹೊಸದಲ್ಲ. 1882ರಲ್ಲಿ ಅನಂತಪುರ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಆ ಊರು ಬಳ್ಳಾರಿ ಜಿಲ್ಲೆಗೇ ಸೇರಿತ್ತು. ಮುರಾರಿರಾವ್ ಘೋರ್ಪಡೆಯಿಂದ ಹೈದರಾಲಿ 1776ರಲ್ಲಿ ಕಿತ್ತುಕೊಂಡ ಕೋಟೆ ಅದು. ಮದರಾಸಿನ ಗವರ್ನರ್ ಆಗಿದ್ದ ಸರ್ ಥಾಮಸ್ ಮನ್ರೋ 1827ರಲ್ಲಿ ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡಾಗ ಮೊದಲು ಮಣ್ಣು ಮಾಡಿದ್ದೂ ಗುತ್ತಿಯಲ್ಲಿಯೇ. ಈ ಎರಡು ಸಂಗತಿಗಳನ್ನು ನನ್ನ ತರಗತಿಯಲ್ಲಿ ಕುಳಿತವರೆಲ್ಲ ಕೇಳಿಯೇ ಇರುತ್ತೀರಿ. ಗುತ್ತಿಯ ಮೂರನೆಯ ಕಥೆಯೊಂದು ಯಾವ ಪಠ್ಯಪುಸ್ತಕದಲ್ಲಿಯೂ ಇಲ್ಲ. ಅದರ ನಾಯಕಿ ಒಂದು ಜೇಡ.

1899ರಲ್ಲಿ ರೆಜಿನಾಲ್ಡ್ ಇನ್ನೆಸ್ ಪೋಕಾಕ್ ಎಂಬ ವಿದ್ವಾಂಸರು ಭಾರತದ ಒಂದು ದೊಡ್ಡ ಜೇಡಕ್ಕೆ 'ಪೊಯೆಸಿಲೊಥೀರಿಯಾ ಮೆಟಾಲಿಕಾ' ಎಂದು ಹೆಸರಿಟ್ಟು ಅದರ ಲಕ್ಷಣಗಳನ್ನು ಪ್ರಕಟಿಸಿದರು. ಅವರು ಆಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಜೇಡ, ಚೇಳುಗಳ ವಿಭಾಗವನ್ನು ನೋಡಿಕೊಳ್ಳುತ್ತಿದ್ದರು. ಮರುವರ್ಷವೇ, ಅಂದರೆ 1900ರಲ್ಲಿ, ಬ್ರಿಟಿಷ್ ಇಂಡಿಯಾದ ಪ್ರಾಣಿಸಂಕುಲವನ್ನು ಕುರಿತ ಗ್ರಂಥಮಾಲೆಯಲ್ಲಿ ಅವರ ಜೇಡ-ಚೇಳುಗಳ ಸಂಪುಟ ಹೊರಬಂದಿತು. ನಮ್ಮ ದೇಶದ ಜೇಡಗಳ ಅಧ್ಯಯನಕ್ಕೆ ಅದು ಇಂದಿಗೂ ಅಡಿಗಲ್ಲು. ಆದರೆ ಮೆಟಾಲಿಕಾ ಜೇಡದ ಮಟ್ಟಿಗೆ ಅವರ ಕೈಯಲ್ಲಿ ಇದ್ದುದು ಒಂದೇ ಒಂದು ಹೆಣ್ಣು ಜೇಡ. ಅದು ಸಿಕ್ಕಿದ ಸ್ಥಳ ಗುತ್ತಿಯ ರೈಲ್ವೆಯ ಮರದ ಅಂಗಳ.

ಆ ಜೇಡದ ಅಂದವನ್ನು ಮಾತಿನಲ್ಲಿ ಹೇಳುವುದು ಕಷ್ಟ. ಕಾಲುಗಳನ್ನು ಚಾಚಿದರೆ ಅಂಗೈಯನ್ನು ಮುಚ್ಚುವಷ್ಟು ಗಾತ್ರ. ಮೈಯೆಲ್ಲ ನವಿಲಿನ ಕೊರಳಿನಂಥ ಹೊಳೆಯುವ ನೀಲಿ, ಕಾಲಿನ ಗೆಣ್ಣುಗಳಲ್ಲಿ ಹಳದಿಯ ಮಚ್ಚೆ, ಬೆನ್ನಿನ ಮೇಲೆ ಬಿಳಿಯ ಚಿತ್ತಾರ. ಈ ನೀಲಿ ಬಣ್ಣದ್ದಲ್ಲ, ಬೆಳಕಿನದು. ರೋಮಗಳೊಳಗಿನ ಅತಿ ಸೂಕ್ಷ್ಮ ರಚನೆ ನೀಲಿ ಬೆಳಕನ್ನಷ್ಟೇ ಹಿಂದಕ್ಕೆ ಎಸೆಯುವುದರಿಂದ ಆ ಹೊಳಪು ಬರುತ್ತದೆ. ಈ ಜೇಡ ನಮ್ಮ ಮನೆಯ ಮೂಲೆಯ ಜೇಡದಂತೆ ಬಲೆ ಹೆಣೆದು ಕಾಯುವುದಿಲ್ಲ. ಹಳೆಯ ಮರಗಳ ಪೊಟರೆಯಲ್ಲಿ ಹಗಲೆಲ್ಲ ಅಡಗಿದ್ದು, ರಾತ್ರಿ ಹೊರಬಂದು ಹುಳುಗಳನ್ನು ಹಿಡಿದು ತಿನ್ನುತ್ತದೆ. ಪೊಟರೆಯ ಮರವಿಲ್ಲದಿದ್ದರೆ ಅದಕ್ಕೆ ಮನೆಯೇ ಇಲ್ಲ.

ಹೆಸರಿಟ್ಟ ಮೇಲೆ ಆ ಜೇಡದ ಸುದ್ದಿಯೇ ಇಲ್ಲವಾಯಿತು. ಒಂದು ದಶಕವಲ್ಲ, ಎರಡು ದಶಕವಲ್ಲ, 102 ವರ್ಷ! ಸ್ವಾತಂತ್ರ್ಯಾನಂತರ ಭಾರತದ ಜೇಡಗಳ ಬಗ್ಗೆ ಅಪಾರ ಕೆಲಸ ಮಾಡಿದ ಬಿ. ಕೆ. ಟಿಕಾದರ್ ಅವರ ಕಾಲವೂ ಕಳೆದುಹೋಯಿತು. ಕೊನೆಗೆ 2001ರಲ್ಲಿ ಕೆನಡಾದ ಜೇಡತಜ್ಞ ರಿಕ್ ವೆಸ್ಟ್ ಅವರಿಗೆ ಅದು ಮತ್ತೆ ಕಾಣಿಸಿತು. ಕಂಡದ್ದು ಗುತ್ತಿಯಲ್ಲಲ್ಲ. ಅಲ್ಲಿಂದ ಸುಮಾರು ನೂರು ಕಿಲೋಮೀಟರು ಆಚೆ, ನಂದ್ಯಾಲ ಮತ್ತು ಗಿದ್ದಲೂರುಗಳ ನಡುವಣ ನಲ್ಲಮಲ ಕಾಡಿನಲ್ಲಿ.

ಹಾಗಾದರೆ 1899ರ ಜೇಡ ಗುತ್ತಿಗೆ ಬಂದದ್ದು ಹೇಗೆ? ಇದಕ್ಕೆ ವಿಜ್ಞಾನಿಗಳು ಕೊಡುವ ಉತ್ತರ ಬಳ್ಳಾರಿಯವರಾದ ನಮಗೆ ಸುಲಭವಾಗಿ ಅರ್ಥವಾಗುತ್ತದೆ. ಗುಂತಕಲ್ಲಿನಿಂದ ಬೆಜವಾಡೆಗೆ ಹೋಗುವ ರೈಲುಮಾರ್ಗ ನಂದ್ಯಾಲವನ್ನು ದಾಟಿ ನಲ್ಲಮಲ ಬೆಟ್ಟಸಾಲನ್ನು ಸೀಳಿಕೊಂಡು ಗಿದ್ದಲೂರಿಗೆ ಇಳಿಯುತ್ತದೆ. ಅದನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಹಾಕಿದರು. ನಡೆಸುತ್ತಿದ್ದುದು ಸದರ್ನ್ ಮರಾಠಾ ರೈಲ್ವೆ ಕಂಪನಿ. ಅದರ ಮುಖ್ಯ ಕಚೇರಿ ನಮ್ಮ ಧಾರವಾಡದಲ್ಲಿತ್ತು. ಇಂದಿನ ಕರ್ನಾಟಕ ಕಾಲೇಜಿನ ಕಟ್ಟಡವೇ ಅದು. ಆ ಕಾಲದ ರೈಲುಗಳಿಗೆ ಮರ ಎರಡು ಬಗೆಯಲ್ಲಿ ಬೇಕಾಗಿತ್ತು. ಹಳಿಗಳ ಅಡಿಗೆ ಹಾಕುವ ಸ್ಲೀಪರುಗಳಿಗೆ ಮರ, ಎಂಜಿನ್ನಿನ ಒಲೆಗೆ ಸೌದೆ. ಕಾಡಿನಲ್ಲಿ ಕಡಿದ ಮರ ರೈಲಿನಲ್ಲಿ ಬಂದು ಬಯಲುಸೀಮೆಯ ನಿಲ್ದಾಣಗಳಲ್ಲಿ ರಾಶಿ ಬೀಳುತ್ತಿತ್ತು. ಪೊಟರೆಯೊಳಗೆ ಅಡಗಿದ್ದ ಜೇಡವೂ ಆ ಮರದ ಜೊತೆಗೇ ಬಂದಿರಬೇಕು.

ಬಾಲ್ಯದಲ್ಲಿ ಗುಂತಕಲ್ಲಿನಲ್ಲಿದ್ದ ಸೋದರತ್ತೆಯ ಮನೆಗೆ ಬಳ್ಳಾರಿಯಿಂದ ಮೀಟರ್‌ಗೇಜ್ ಗಾಡಿಯಲ್ಲಿ ಹೋಗುತ್ತಿದ್ದೆವು. ಆಗ ಎಂಜಿನ್ನುಗಳಿಗೆ ಕಲ್ಲಿದ್ದಲು ಹಾಕುತ್ತಿದ್ದರು. ಸೌದೆಯ ಕಾಲ ಮುಗಿದಿತ್ತು. ಕಿಟಕಿಯಲ್ಲಿ ಕುಳಿತವರ ಬಿಳಿ ಅಂಗಿ ಊರು ಸೇರುವಷ್ಟರಲ್ಲಿ ಮಸಿಯಾಗಿರುತ್ತಿತ್ತು. ಗುತ್ತಿಯ ಕಡೆ ನೋಡಿದರೆ ಬರೀ ಬಂಡೆ, ಜಾಲಿ, ಕಡಲೆಕಾಯಿ ಹೊಲ. ಹಳೆಯ ಹೆಮ್ಮರಗಳ ಪೊಟರೆಯನ್ನೇ ನಂಬಿದ ಜೀವಿಗೆ ಅದು ತವರೂರಾಗಲು ಸಾಧ್ಯವಿಲ್ಲವೆಂದು ಆ ಬಯಲನ್ನು ಕಂಡವರು ಯಾರೂ ಹೇಳಬಲ್ಲರು. ಆದರೆ ಮ್ಯೂಸಿಯಮ್ಮಿನ ಚೀಟಿಯಲ್ಲಿ 'ಗುತ್ತಿ' ಎಂದು ಬರೆದಾಗಿತ್ತು. ಇಂದಿಗೂ ಲೋಕವೆಲ್ಲ ಅದನ್ನು ಗುತ್ತಿಯ ಜೇಡವೆಂದೇ ಕರೆಯುತ್ತದೆ.

ಇತಿಹಾಸದ ಮೇಷ್ಟರಾದ ನನಗೆ ಇಲ್ಲಿ ಶಾಸನಗಳ ನೆನಪಾಗುತ್ತದೆ. ಒಂದು ಶಾಸನ ಇಂಥ ಊರಿನ ಬಾವಿಯ ಕಟ್ಟೆಯಲ್ಲಿ ಸಿಕ್ಕಿತು ಎಂದ ಮಾತ್ರಕ್ಕೆ ಅದು ಆ ಊರಿನದೇ ಆಗಬೇಕಿಲ್ಲ. ಯಾರೋ ಗಾಡಿಯಲ್ಲಿ ಹೇರಿ ತಂದು ಚಪ್ಪಡಿಯಾಗಿ ಹಾಸಿರಬಹುದು. ಕಲ್ಲಿನಲ್ಲಿ ಹೇಳಿರುವ ಕೆರೆ, ಗದ್ದೆ, ಗಡಿಗಳು ಸುತ್ತಮುತ್ತ ಇವೆಯೇ ಎಂದು ನೋಡಿದ ಮೇಲೆಯೇ ತೀರ್ಮಾನ. ಸಿಕ್ಕಿದ ಸ್ಥಳ ಬೇರೆ, ನೆಲೆ ಬೇರೆ. ಜೀವಿಗಳ ದಾಖಲೆಗೂ ಇದೇ ನ್ಯಾಯ. 'ಅಪರೂಪ' ಎಂಬ ಮಾತನ್ನೂ ಹೀಗೆಯೇ ಪರೀಕ್ಷಿಸಬೇಕು. ಒಂದು ಜೀವಿ ನಿಜವಾಗಿಯೂ ಕೆಲವೇ ಇದ್ದು ಅಪರೂಪವಾಗಿರಬಹುದು. ಅದರ ನೆಲೆಗೆ ಹೋಗಿ ಹುಡುಕಿದವರೇ ಇಲ್ಲದೆ ಅಪರೂಪವೆನಿಸಿಕೊಂಡಿರಬಹುದು. ಗುತ್ತಿಯ ಜೇಡದ ವಿಷಯದಲ್ಲಿ ಈ ಎರಡೂ ಸೇರಿಕೊಂಡಿವೆ.

2008ರಲ್ಲಿ ಐಯುಸಿಎನ್ ಸಂಸ್ಥೆ ಈ ಜೇಡವನ್ನು ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ಆಗ ತಿಳಿದಿದ್ದ ಅದರ ನೆಲೆ 100 ಚದರ ಕಿಲೋಮೀಟರಿಗಿಂತ ಕಡಿಮೆ. ಅದೂ ಸೌದೆಗಾಗಿ, ಮರಕ್ಕಾಗಿ ಕಡಿದು ಕಡಿದು ಸೊರಗಿದ ಕಾಡು. 2020ರಲ್ಲಿ ತಮಿಳುನಾಡಿನ ಸೆಂಜಿಯ ಬಳಿಯ ಪಕ್ಕಮಲೈ ಕಾಡಿನಿಂದಲೂ ಈ ಜೇಡ ಕಂಡ ವರದಿ ಬಂದಿತು. ಹುಡುಕುವ ಕಣ್ಣಿದ್ದರೆ ಭೂಪಟ ಬದಲಾಗುತ್ತದೆ ಎನ್ನುವುದಕ್ಕೆ ಇದು ಸಾಕ್ಷಿ.

ಸಿಕ್ಕ ಸಂತೋಷದ ಹಿಂದೆಯೇ ಒಂದು ಸಂಕಟವೂ ಬಂದಿತು. ಜೇಡ ಸಾಕುವುದೂ ಒಂದು ಹವ್ಯಾಸವೆಂದು ನಮ್ಮಲ್ಲಿ ಅನೇಕರು ನಂಬಲಾರರು. ಯೂರೋಪು, ಅಮೆರಿಕಗಳಲ್ಲಿ ಇಂಥ ಜೇಡಗಳನ್ನು ಗಾಜಿನ ಪೆಟ್ಟಿಗೆಗಳಲ್ಲಿ ಸಾಕುವವರು ಬಹಳ ಮಂದಿ ಇದ್ದಾರೆ. ಮರುಶೋಧವಾದ ಕೆಲವೇ ವರ್ಷಗಳಲ್ಲಿ ನಲ್ಲಮಲದ ಈ ನೀಲಿ ಸುಂದರಿ ಅಲ್ಲಿನ ಮಾರುಕಟ್ಟೆಯಲ್ಲಿ ಕಾಣಿಸಿಕೊಂಡಿತು. ಈಗ ಅಲ್ಲಿ ಮಾರುವ ಬಹುಪಾಲು ಮರಿಗಳು ಸೆರೆಯಲ್ಲಿಯೇ ಹುಟ್ಟಿದವು ಎನ್ನುತ್ತಾರೆ. ಆದರೆ ಅವುಗಳ ಮೂಲ ಒಂದು ದಿನ ಇಲ್ಲಿನ ಪೊಟರೆಯೊಂದರಿಂದ ಹೊರಟದ್ದೇ ಅಲ್ಲವೇ? ನೂರು ವರ್ಷ ಯಾರಿಗೂ ಕಾಣದೆ ಬದುಕಿದ ಜೀವಿಗೆ, ಕಂಡ ಮೇಲೆ ಬದುಕುವುದೇ ಕಷ್ಟವಾಯಿತು. 2019ರಲ್ಲಿ ಈ ಕುಲದ ಎಲ್ಲ ಜೇಡಗಳನ್ನೂ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಪಟ್ಟಿಗೆ ಸೇರಿಸಲಾಯಿತು. ಪರವಾನಗಿ ಇಲ್ಲದೆ ಗಡಿ ದಾಟಿಸುವಂತಿಲ್ಲ. ಇಷ್ಟು ಮಾಡಲು ಮರುಶೋಧದ ನಂತರ ಹದಿನೆಂಟು ವರ್ಷ ಬೇಕಾಯಿತು.

ಇಷ್ಟು ದೂರದ ಕಾಡಿನ ಮಾತು ನಮಗೇಕೆ ಎಂದು ಕೇಳುವವರಿಗೆ ನಮ್ಮ ನಾಡಿನ ಎರಡು ಹೊಸ ಸುದ್ದಿಗಳನ್ನು ಹೇಳುತ್ತೇನೆ. 2024ರಲ್ಲಿ ವಿಜ್ಞಾನಿಗಳು ದಕ್ಷಿಣ ಭಾರತದ ಜಿಗಿಯುವ ಜೇಡಗಳ ಹೊಸ ಕುಲವೊಂದನ್ನು ಗುರುತಿಸಿ ಅದಕ್ಕೆ 'ತೆಂಕಣ' ಎಂದು ಹೆಸರಿಟ್ಟರು. ಹೌದು, ನಮ್ಮ ಹಳಗನ್ನಡದ ತೆಂಕಣವೇ! ಅದರ ಒಂದು ಹೊಸ ಪ್ರಭೇದಕ್ಕೆ ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ನದಿಯ ಹೆಸರು. 2025ರಲ್ಲಿ ಮೂಡಿಗೆರೆ ತಾಲ್ಲೂಕಿನ ಮಧುಗುಂಡಿಯಲ್ಲಿ ಕಂಡ ಹೊಸ ಜೇಡಕ್ಕೆ 'ಪಿಲಿಯಾ ಮಲೆನಾಡು' ಎಂಬ ಹೆಸರು ಬಂದಿತು. 'ಪಿಲಿಯಾ' ಎಂಬುದು ಫ್ರೆಂಚ್ ವಿದ್ವಾಂಸ ಯೂಜೀನ್ ಸಿಮೋನ್ 1902ರಲ್ಲಿ ಗುರುತಿಸಿದ ಕುಲ. ಈ ಹೊಸ ಜೇಡವನ್ನು ಕಂಡವರು ಊರಿನ ಹೆಸರನ್ನಷ್ಟೇ ಬರೆದು ಸುಮ್ಮನಾಗಲಿಲ್ಲ. ಅದು ಮೆಮಿಸಿಲಾನ್ ಕುಲದ ಎರಡು ಬಗೆಯ ಗಿಡಗಳ ಮೇಲೆ ಕಂಡಿತೆಂಬುದನ್ನೂ ದಾಖಲಿಸಿದ್ದಾರೆ. ಗುತ್ತಿಯ ಚೀಟಿಯಲ್ಲಿ ಇಲ್ಲದಿದ್ದ ಮಾತು ಇದೇ. ಯಾವ ಗಿಡ ಉಳಿದರೆ ಆ ಜೇಡ ಉಳಿದೀತು ಎಂಬುದು ಮೊದಲ ದಾಖಲೆಯಲ್ಲಿಯೇ ನಮಗೆ ತಿಳಿದುಬಂದಿದೆ.

ಭಾರತದಲ್ಲಿ ಇದುವರೆಗೆ ಗುರುತಿಸಿದ ಜೇಡಗಳು 1,800 ಪ್ರಭೇದಗಳಿಗೂ ಹೆಚ್ಚು. ಇನ್ನೂ ಹೆಸರಿಲ್ಲದವು ನಮ್ಮ ಬೇಲಿ, ತೋಟ, ಗುಡ್ಡಗಳಲ್ಲಿ ಇದ್ದೇ ಇವೆ. ಮಲೆನಾಡಿನಲ್ಲಿ ತೋಟ ಮಾಡಿಕೊಂಡಿರುವ ನನ್ನ ಶಿಷ್ಯರು, ಕ್ಯಾಮೆರಾ ಹಿಡಿದು ಬೆಟ್ಟ ಹತ್ತುವ ಅವರ ಮಕ್ಕಳು, ಇವರೆಲ್ಲರಿಗೂ ಮೇಷ್ಟರ ಒಂದು ಮನವಿ. ಅಪರಿಚಿತ ಜೇಡ ಕಂಡರೆ ಹೊಡೆಯಬೇಡಿ, ಹಿಡಿಯಲೂ ಬೇಡಿ. ಚಿತ್ರ ತೆಗೆಯಿರಿ. ಜೊತೆಗೆ ದಿನ, ಹೊತ್ತು, ಯಾವ ಮರ ಅಥವಾ ಗಿಡ, ನೆಲದಿಂದ ಎಷ್ಟು ಎತ್ತರ, ಸುತ್ತ ಎಂಥ ಜಾಗ ಎಂಬುದನ್ನು ಬರೆದಿಡಿ. ಅದು ಅಪರೂಪದ್ದೆಂದು ತಿಳಿದರೆ ಬಲ್ಲವರಿಗೆ ಮಾತ್ರ ತಿಳಿಸಿ. ನಿಖರವಾದ ಸ್ಥಳವನ್ನು ಊರಿಗೆಲ್ಲ ಸಾರಬೇಡಿ. ಕಡಿಯಬೇಕೆಂದಿರುವ ಹಳೆಯ ಮರವೇನಾದರೂ ಹೊಲದ ಬದುವಿನಲ್ಲಿದ್ದರೆ, ಕೊಡಲಿ ಎತ್ತುವ ಮುನ್ನ ಅದರ ಪೊಟರೆಯನ್ನೊಮ್ಮೆ ನೋಡಿ.