ದ್ವೀಪ ತೊರೆದ ದೇವಿ

ಅಂಕೋಲೆಯ ಆರ್ಯಾದುರ್ಗೆಯ ಗುಡಿಗೆ ಚಿಕ್ಕಂದಿನಲ್ಲಿ ಅಜ್ಜಿಯ ಸೆರಗು ಹಿಡಿದು ಹೋದವರಲ್ಲಿ ನಾನೂ ಒಬ್ಬ. ಈಕೆ ಇಲ್ಲಿಯವಳಲ್ಲ, ಕಡಲ ನಡುವಣ ಅಂಜದೀವದವಳು. ಫಿರಂಗಿಯವರು ಗುಡಿ ಕೆಡವಿದಾಗ ದೋಣಿಯೇರಿ ಬಂದಳು ಎಂದು ಅಜ್ಜಿ ಹೇಳುತ್ತಿದ್ದಳು. ಅದು ಅವಳೊಬ್ಬಳ ಕಥೆಯಲ್ಲ, ಸೀಮೆಯ ಐತಿಹ್ಯ.

ಅಂಜದೀವವು ಕಾರವಾರದ ದಕ್ಷಿಣಕ್ಕೆ, ಬಿಣಗಾ ತೀರಕ್ಕೆ ಸಮೀಪವಿರುವ ಸಣ್ಣ ದ್ವೀಪ. ಕಲ್ಲೀಕೋಟೆಯಿಂದ ಮರಳುತ್ತಿದ್ದ ವಾಸ್ಕೋ ದ ಗಾಮಾ 1498ರ ಸೆಪ್ಟೆಂಬರಿನಲ್ಲಿ ಹಡಗುಗಳ ತಳ ಶುದ್ಧಿಗೊಳಿಸಲು ಇಲ್ಲಿ ಲಂಗರು ಹಾಕಿದ. ಆ ಪಡೆಯ ನಾವಿಕನೊಬ್ಬನ ದಿನಚರಿ ಇಂದಿಗೂ ಉಳಿದಿದೆ. ದ್ವೀಪದ ಮೇಲೆ ಅವನು ಕಂಡುದು ಕಲ್ಲು ಕಟ್ಟಡದ ಕೆರೆ, ಮತ್ತು ಹಾಳುಬಿದ್ದ ದೊಡ್ಡ ದೇವಾಲಯ. ಅದರ ಒಂದು ಭಾಗಕ್ಕೆ ಮಾತ್ರ ಹುಲ್ಲಿನ ಮಾಡು. ಅಲ್ಲಿ ಪೂಜೆಗೊಳ್ಳುತ್ತಿದ್ದುದು ಮೂರು ಕರಿಯ ಕಲ್ಲುಗಳು.

ಅಂದರೆ, ಅಜ್ಜಿಯ ಫಿರಂಗಿಯವರು ಕಾಲಿಡುವ ಮೊದಲೇ ಗುಡಿ ಕೆಡೆದಿತ್ತು! ಮುಸಲ್ಮಾನರು ಕೆಡವಿದರೆಂದು ಅಲ್ಲಿಯವರು ಹೇಳಿದರಂತೆ. ಈ ಮಾತನ್ನು ನಾನು ಹಾಗೆಯೇ ಒಪ್ಪಲಾರೆ. ಅವರೊಡನೆ ಹಗೆ ಕಟ್ಟಿಕೊಂಡೇ ಹಡಗು ಹತ್ತಿದವರು ಇವರು. ಕಲ್ಲೀಕೋಟೆಯಲ್ಲಿ ಹಿಂದೂ ಗುಡಿಯನ್ನೇ ಇಗರ್ಜಿಯೆಂದು ಬಗೆದು ಮೊಣಕಾಲೂರಿದವರು. ಕೆಡವಿದವರಾರೆಂಬ ಚರ್ಚೆಗಿಂತ ನನ್ನನ್ನು ಹಿಡಿದು ನಿಲ್ಲಿಸುವುದು ಆ ಹುಲ್ಲಿನ ಮಾಡು. ನಮ್ಮ ಕರಾವಳಿಯ ಮಳೆಗೆ ಹುಲ್ಲು ಎಷ್ಟು ಬಾಳೀತು? ಯಾರೋ ವರ್ಷವರ್ಷವೂ ಅದನ್ನು ಹೊಸತಾಗಿ ಹೊದಿಸುತ್ತಿದ್ದಿರಬೇಕು. ಗೋಡೆ ಕಟ್ಟುವ ಶಕ್ತಿ ಅವರಿಗಿರಲಿಲ್ಲ. ಪೂಜೆ ಬಿಡುವ ಮನಸ್ಸೂ ಇರಲಿಲ್ಲ.

1505ರಲ್ಲಿ ಅಲ್ಮೇಡಾ ಅಲ್ಲಿ ಕೋಟೆ ಕಟ್ಟಿಸಿದ. ಮರುವರ್ಷವೇ ಪೋರ್ತುಗೀಜರು ಅದನ್ನು ಕೆಡವಿ ಹೊರಟರು. 1662ರಲ್ಲಿ ಮುಂಬಯಿಯನ್ನು ವಶಪಡಿಸಿಕೊಳ್ಳಲು ಬಂದ ಇಂಗ್ಲಿಷ್ ದಂಡು ಅಲ್ಲಿ ಪ್ರವೇಶ ಸಿಗದೆ ಈ ದ್ವೀಪದಲ್ಲಿ ಬೀಡುಬಿಟ್ಟಿತು. ನಾಯಕ ಅಬ್ರಹಾಂ ಶಿಪ್ಮನ್‌ನೂ ಸೇರಿ ಬಹುಪಾಲು ಜನ ಇಲ್ಲೇ ಸತ್ತರು. 1682ರಲ್ಲಿ ಪೋರ್ತುಗೀಜರು ಮತ್ತೆ ಕೋಟೆ ಕಟ್ಟಿದರು. ಅವರ ಇಗರ್ಜಿಯೂ ದ್ವೀಪದಲ್ಲಿ ನೆಲೆಗೊಂಡಿತು. 1961ರ ಡಿಸೆಂಬರಿನಲ್ಲಿ ದ್ವೀಪವನ್ನು ಬಿಡಿಸಿಕೊಳ್ಳುವಾಗ ನಮ್ಮ ನೌಕಾದಳದ 7 ಮಂದಿ ಮಡಿದರು.

1986ರಲ್ಲಿ ಸೀಬರ್ಡ್ ಯೋಜನೆಗೆ ಶಿಲಾನ್ಯಾಸವಾಯಿತು, 2005ರಲ್ಲಿ ನೌಕಾನೆಲೆ ಕಾರ್ಯಾರಂಭ ಮಾಡಿತು. ಅಲೆತಡೆಯ ಗೋಡೆ ದ್ವೀಪವನ್ನು ನೆಲಕ್ಕೆ ಬೆಸೆದಿದೆ. ಅದೀಗ ದ್ವೀಪವೂ ಅಲ್ಲ! ಆದರೂ ಸಾರ್ವಜನಿಕರು ಅಲ್ಲಿಗೆ ಹೋಗುವಂತಿಲ್ಲ. ಇಗರ್ಜಿಯ ಹಬ್ಬಕ್ಕೆ ಗೋವೆಯಿಂದ ದೋಣಿಯಲ್ಲಿ ಬರುತ್ತಿದ್ದ ಕ್ರೈಸ್ತರಿಗೂ ದಾರಿ ಮುಚ್ಚಿತು. ದೇಶರಕ್ಷಣೆಯ ಅಗತ್ಯ ನನಗೆ ಅರ್ಥವಾಗುತ್ತದೆ. ಆ ಭಕ್ತರ ಸಂಕಟವಂತೂ ನಮ್ಮ ಮನೆತನಕ್ಕೆ ಹೊಸದಲ್ಲ.

ಈಚೆಗೆ ಅಂಕೋಲೆಯ ಗುಡಿಯಲ್ಲಿ ಪರವೂರಿನ ಮುದುಕಿಯೊಬ್ಬರು, ದೇವಿಯ ಮೂಲಸ್ಥಾನ ಯಾವ ದಿಕ್ಕಿಗೆ ಎಂದು ಕೇಳಿದರು. ವಾಯವ್ಯಕ್ಕೆ ಕೈ ತೋರಿದೆ. ಅತ್ತ ಕಾಣುತ್ತಿದ್ದುದು ತೆಂಗಿನ ಮರಗಳು, ಒಂದು ಹಂಚಿನ ಮನೆ. ಅವರು ಅತ್ತಲೇ ತಿರುಗಿ ಕೈಮುಗಿದು, ಆಮೇಲೆ ಪ್ರದಕ್ಷಿಣೆಗೆ ಹೊರಟರು.