ಅರಬ್ಬಿ-ಮಲೆಯಾಳ ಲಿಪಿ

ಮಲೆಯಾಳವನ್ನು ಅರಬ್ಬಿ ಅಕ್ಷರಗಳಲ್ಲಿ ಬರೆಯುವ ಪದ್ಧತಿ. ಕೇರಳದ ಮಾಪಿಳ್ಳೆಯರಲ್ಲಿ ಬೆಳೆದ ಈ ಲಿಪಿ ದಕ್ಷಿಣ ಕನ್ನಡದ ಬ್ಯಾರಿಗಳಿಗೆ ಮದರಸಾಗಳ ಮೂಲಕ ಪರಿಚಿತ. ವ್ಯಾಪಾರಕ್ಕೆಂದು ಘಟ್ಟ ಹತ್ತಿದ ಕುಟುಂಬಗಳೊಡನೆ ಅದು ಮೂಡಿಗೆರೆ, ಕಳಸ, ಮಲ್ಲಂದೂರು ಕಡೆಯ ಕಾಫಿ ಸೀಮೆಗೂ ಬಂತು.

ಶಿಷ್ಟ ಅರಬ್ಬಿಯಲ್ಲಿ 28 ಅಕ್ಷರಗಳಿವೆ. ಪ, ಚ, ಗ, ಟ, ಣ, ಳ ಇಲ್ಲ. ಹೊರಗಿನ ಪದ ಬಂದಾಗ ಅರಬರು ಲಿಪಿಯನ್ನು ಮುಟ್ಟದೆ ಪದವನ್ನೇ ತಿದ್ದಿಕೊಂಡರು. ನಮ್ಮ ಚತುರಂಗ ಪರ್ಷಿಯಾದಲ್ಲಿ ಚತ್ರಂಗ್ ಆಗಿ, ಅರಬ್ಬಿಗೆ ಹೊಕ್ಕಾಗ ಶತ್ರಂಜ್ ಆಯಿತು. ಚಕಾರ ಶಕಾರಕ್ಕೆ, ಗಕಾರ ಜಕಾರಕ್ಕೆ ತಿರುಗಿತು. ಪಾರ್ಸ್ ನಾಡು ಫಾರ್ಸ್ ಆದದ್ದೂ ಹೀಗೆಯೇ. 8ನೇ ಶತಮಾನದ ವೈಯಾಕರಣ ಸೀಬವೈಹಿ ತನ್ನ ‘ಅಲ್-ಕಿತಾಬ್’ನಲ್ಲಿ ಈ ಮಾರ್ಪಾಡುಗಳನ್ನು ಕ್ರಮವಾಗಿ ವಿವರಿಸಿದ್ದಾನೆ.

ತಮ್ಮ ಮಾತನ್ನೇ ಈ ಲಿಪಿಯಲ್ಲಿ ಬರೆಯಹೊರಟವರಿಗೆ ಆ ದಾರಿ ಸಾಲದು. ಮನೆಮಾತಿನಿಂದ ಪಕಾರವನ್ನು ಕಿತ್ತುಹಾಕಲಾಗದಲ್ಲ! ಪರ್ಷಿಯನ್ನರು ‘ಬಾ’ ಅಕ್ಷರದಡಿಯ ಒಂದು ಚುಕ್ಕಿಯನ್ನು ಮೂರಾಗಿಸಿ ಪಕಾರ ಮಾಡಿಕೊಂಡರು, ‘ಜೀಮ್’ನ ಒಂದು ಚುಕ್ಕಿ ಮೂರಾಗಿ ಚಕಾರವಾಯಿತು, ‘ಕಾಫ್’ ಮೇಲೆ ಇನ್ನೊಂದು ಗೆರೆ ಎಳೆದು ಗಕಾರ ಪಡೆದರು. ಪ, ಚಗಳ ಈ ರೂಪಗಳನ್ನು ಮಾಪಿಳ್ಳೆಯರೂ ತೆಗೆದುಕೊಂಡರು. ದ್ರಾವಿಡ ಧ್ವನಿಗಳಿಗೆ ಮಾತ್ರ ಅವರೇ ಹೊಸ ಅಕ್ಷರ ಕಟ್ಟಬೇಕಾಯಿತು: ‘ನೂನ್’ ಅಡಿಗೆ ಚುಕ್ಕಿಯಿಟ್ಟರೆ ಣಕಾರ. ಅರಬ್ಬಿ ಬರಹ ಸಾಮಾನ್ಯವಾಗಿ ಬಿಟ್ಟುಬಿಡುವ ಹ್ರಸ್ವ ಸ್ವರಗಳನ್ನೂ ಇಲ್ಲಿ ಗುರುತಿಸುತ್ತಾರೆ. ಕಾಲ ತಿಳಿದ ಕೃತಿಗಳಲ್ಲಿ ಹಳೆಯದು ಕಲ್ಲಿಕೋಟೆಯ ಖಾಜಿ ಮುಹಮ್ಮದ್ 1607ರಲ್ಲಿ ರಚಿಸಿದ ‘ಮುಹ್ಯಿದ್ದೀನ್ ಮಾಲೆ’. ಇಷ್ಟು ಎಚ್ಚರದಿಂದ ಕಟ್ಟಿದ ಲಿಪಿಯನ್ನು ಬರಿಯ ಮತೀಯ ಬರಹವೆಂದು ಬದಿಗೆ ಸರಿಸುವುದು ಅನ್ಯಾಯ.

ಬ್ಯಾರಿ ನುಡಿಯಲ್ಲಿ ಣ-ನ, ಳ-ಲ ಭೇದ ಬಹುಮಟ್ಟಿಗೆ ಅಳಿದಿದೆ. ಹಾಗಾಗಿ ಮಲೆಯಾಳಕ್ಕೆ ಬೇಕಾದಷ್ಟು ಹೆಚ್ಚುವರಿ ಅಕ್ಷರಗಳು ಅದಕ್ಕೆ ಬೇಕಿಲ್ಲ. ಆದರೆ 1951ರಲ್ಲಿ ಸ್ಥಾಪನೆಯಾದ ಸಮಸ್ತ ಕೇರಳ ಇಸ್ಲಾಂ ಮತ ವಿದ್ಯಾಭ್ಯಾಸ ಬೋರ್ಡಿನ ಪಠ್ಯಗಳು ಮಲೆಯಾಳದ ರೂಢಿಯಲ್ಲೇ ಇರುವುದರಿಂದ, ಅವನ್ನು ಓದುವ ಬ್ಯಾರಿ ಮಗು ತನ್ನ ಮಾತಿನಲ್ಲಿಲ್ಲದ ಣಕಾರವನ್ನೂ ಕಲಿಯುತ್ತದೆ. ಅದೇ ಮಗು ಕುರ್‌ಆನ್ ತೆರೆದಾಗ ಕಾಣುವುದು ಮೂಲದ 28 ಅಕ್ಷರಗಳನ್ನಷ್ಟೇ.

ಈಗ ಬ್ಯಾರಿ ಸಾಹಿತ್ಯ ಹೆಚ್ಚಾಗಿ ಕನ್ನಡ ಲಿಪಿಯಲ್ಲಿ ಅಚ್ಚಾಗುತ್ತದೆ. ಅಲ್ಲಿ ತೊಡಕು ತಿರುವುಮುರುವು: ಟ, ಪ, ಚ ಸಲೀಸು, ಅರಬ್ಬಿಯಿಂದ ಬಂದ ಹೆಸರುಗಳ ಫ಼, ಜ಼ ಧ್ವನಿಗಳಿಗೆ ಕನ್ನಡ ಅಕ್ಷರದಡಿಯಲ್ಲೇ ಚುಕ್ಕಿ ಇಡಬೇಕು. 2020ರಲ್ಲಿ ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿ ಬ್ಯಾರಿ ನುಡಿಗೆ ಪ್ರತ್ಯೇಕ ಲಿಪಿಯೊಂದನ್ನು ಪ್ರಕಟಿಸಿತು.