ಮೊದಲು ಖರೀದಿ, ಆಮೇಲೆ ಲೆಕ್ಕ: ಲಾಸ್ ಏಂಜಲೀಸ್ ಶಾಲೆಗಳ ಐಪ್ಯಾಡ್ ಪ್ರಕರಣ

2014ರಲ್ಲಿ ಅಮೆರಿಕನ್ ಇನ್‌ಸ್ಟಿಟ್ಯೂಟ್ಸ್ ಫಾರ್ ರಿಸರ್ಚ್ ಸಂಸ್ಥೆಯವರು ಲಾಸ್ ಏಂಜಲೀಸಿನ ಸಾರ್ವಜನಿಕ ಶಾಲೆಗಳ 245 ತರಗತಿಗಳಿಗೆ ಹೋಗಿ ಕೂತು ಪಾಠ ನೋಡಿದರು. ಐಪ್ಯಾಡುಗಳಿಗೆ ತುಂಬಿಸಿಕೊಟ್ಟಿದ್ದ ಪಿಯರ್ಸನ್ ಕಂಪನಿಯ ಪಠ್ಯವನ್ನು ಅಷ್ಟೂ ತರಗತಿಗಳಲ್ಲಿ ಬಳಸುತ್ತಿದ್ದವರು ಒಬ್ಬರೇ ಒಬ್ಬ ಶಿಕ್ಷಕರು.

ಅಮೆರಿಕದ ಸ್ಕೂಲ್ ಡಿಸ್ಟ್ರಿಕ್ಟನ್ನು ನಮ್ಮ ಡಿಡಿಪಿಐ ಕಚೇರಿಯೆಂದು ತಿಳಿಯಬಾರದು. ಅದನ್ನು ನಡೆಸುವುದು ಜನ ವೋಟು ಹಾಕಿ ಆರಿಸಿದ ಮಂಡಳಿ. ಮತದಾರರು ಒಪ್ಪಿದರೆ ಬಾಂಡ್ ಮಾರಿ ಸಾಲವನ್ನೂ ಎತ್ತಬಹುದು. ಲಾಸ್ ಏಂಜಲೀಸ್ ಯೂನಿಫೈಡ್ ಇಡೀ ದೇಶದಲ್ಲೇ ಎರಡನೆಯ ದೊಡ್ಡ ಡಿಸ್ಟ್ರಿಕ್ಟ್. ಆಗ ಅಲ್ಲಿ 6 ಲಕ್ಷಕ್ಕೂ ಹೆಚ್ಚು ಮಕ್ಕಳು ಓದುತ್ತಿದ್ದರು.

ಯಂತ್ರ ನಂಬಿ ಕೈಸುಟ್ಟುಕೊಂಡದ್ದು ಈ ಡಿಸ್ಟ್ರಿಕ್ಟಿಗೆ ಹೊಸದೇನಲ್ಲ. 2000ದ ದಶಕದ ಮೊದಲ ವರ್ಷಗಳಲ್ಲಿ ಕಿಂಡರ್‌ಗಾರ್ಟನ್ ಮತ್ತು ಒಂದನೇ ತರಗತಿಯ ಮಕ್ಕಳಿಗೆ ಓದು ಕಲಿಸಲೆಂದು ವಾಟರ್‌ಫರ್ಡ್ ಎಂಬ ಕಂಪ್ಯೂಟರ್ ಕಾರ್ಯಕ್ರಮಕ್ಕೆ ಕೋಟಿಗಟ್ಟಲೆ ಡಾಲರ್ ಸುರಿಯಲಾಗಿತ್ತು. ಡಿಸ್ಟ್ರಿಕ್ಟಿನ ಸ್ವಂತ ಸಂಶೋಧಕರೇ ಪರೀಕ್ಷಿಸಿ, ಇದರಿಂದ ಮಕ್ಕಳ ಓದು ಸುಧಾರಿಸಿಲ್ಲ ಎಂದರು. 2005ರ ಹೊತ್ತಿಗೆ ಅದರ ಬಳಕೆಯನ್ನು ಮೊಟಕುಗೊಳಿಸಿದರು. ವರದಿಗಳೇನೋ ಕಡತದಲ್ಲಿದ್ದವು. ಎಂಟು ವರ್ಷದ ನಂತರ ಅವನ್ನು ತೆರೆದು ನೋಡಿದವರಿದ್ದಂತೆ ಕಾಣುವುದಿಲ್ಲ.

2013ರ ಜೂನ್‌ನಲ್ಲಿ ಮಂಡಳಿ ಆ್ಯಪಲ್ ಜೊತೆ 3 ಕೋಟಿ ಡಾಲರಿನ ಮೊದಲ ಒಪ್ಪಂದಕ್ಕೆ ಅಸ್ತು ಎಂದಿತು. ಒಂದು ಐಪ್ಯಾಡಿಗೆ 678 ಡಾಲರ್. ವೈಫೈ ಸೇರಿ ಇಡೀ ಯೋಜನೆಯ ಅಂದಾಜು 100 ಕೋಟಿ ಡಾಲರನ್ನೂ ಮೀರಿತ್ತು. ಬಡವರ ಮಕ್ಕಳ ಕೈಗೂ ಸಿರಿವಂತರ ಮಕ್ಕಳಲ್ಲಿರುವಂಥ ಸಾಧನ ಬರಬೇಕು ಎಂಬುದು ಡಿಸ್ಟ್ರಿಕ್ಟಿನ ಮುಖ್ಯಾಧಿಕಾರಿ, ಅಂದರೆ ಸೂಪರಿಂಟೆಂಡೆಂಟ್, ಜಾನ್ ಡೀಸಿಯವರ ವಾದ. ‘ಕಾಮನ್ ಕೋರ್’ ಎಂಬ ಹಲವು ರಾಜ್ಯಗಳ ಸಮಾನ ಕಲಿಕಾ ಮಾನದಂಡಕ್ಕೆ ತಕ್ಕಂತೆ ಆನ್‌ಲೈನಿನಲ್ಲಿ ನಡೆಯಲಿದ್ದ ಹೊಸ ಪರೀಕ್ಷೆಗಳ ಗಡುವು ಬೇರೆ ಬೆನ್ನಿಗಿತ್ತು. ವಾದದಲ್ಲಿ ತಪ್ಪು ಹುಡುಕುವುದು ಕಷ್ಟ. ಹಣ ಎಲ್ಲಿಂದ ಎಂದು ಕೇಳಿದರೆ ಮಾತ್ರ ಹುಬ್ಬೇರುತ್ತದೆ: ಶಾಲಾ ಕಟ್ಟಡ ಕಟ್ಟಲು, ರಿಪೇರಿ ಮಾಡಲು ಎತ್ತಿದ್ದ ಬಾಂಡ್ ಸಾಲ. ಮೂರ್ನಾಲ್ಕು ವರ್ಷ ಬಾಳುವ ಯಂತ್ರಕ್ಕೆ ದಶಕಗಟ್ಟಲೆ ತೀರಿಸುವ ಸಾಲ.

ಪಿಯರ್ಸನ್ ಪಠ್ಯವಂತೂ ಖರೀದಿಯ ದಿನ ಪೂರ್ತಿಯಾಗಿಯೇ ಇರಲಿಲ್ಲ. ಕೊಂಡದ್ದು ಕೆಲವು ಮಾದರಿ ಪಾಠಗಳನ್ನು ನೋಡಿ. ಪರೀಕ್ಷೆಗೆ ಕೀಬೋರ್ಡ್ ಬೇಕಾಗುತ್ತದೆಂಬುದು, ಅದು ಈ ದರದಲ್ಲಿ ಸೇರಿಲ್ಲವೆಂಬುದು ಚರ್ಚೆಗೆ ಬಂದದ್ದು ತಡವಾಗಿ. ಐಪ್ಯಾಡ್ ಕಳೆದರೆ ದಂಡ ಕಟ್ಟುವವರು ತಂದೆತಾಯಿಯೋ ಶಾಲೆಯೋ ಎಂಬುದಕ್ಕೂ ಸ್ಪಷ್ಟ ಉತ್ತರವಿರಲಿಲ್ಲ. ಸೆಪ್ಟೆಂಬರಿನಲ್ಲಿ ರೂಸ್‌ವೆಲ್ಟ್ ಹೈಸ್ಕೂಲಿನ ಮಕ್ಕಳು ಸೆಟಿಂಗ್ಸ್‌ಗೆ ಹೋಗಿ ತಮ್ಮ ಪ್ರೊಫೈಲ್ ಅಳಿಸಿದರು. ಅಷ್ಟಕ್ಕೇ ಫಿಲ್ಟರ್ ಬಿದ್ದುಹೋಯಿತು, ಫೇಸ್‌ಬುಕ್, ಯೂಟ್ಯೂಬ್ ತೆರೆದುಕೊಂಡವು. ಐಪ್ಯಾಡುಗಳನ್ನು ಮನೆಗೆ ಒಯ್ಯಕೂಡದೆಂದು ಆಜ್ಞೆ ಹೊರಟಿತು. ಮನೆಯಲ್ಲಿ ಕಂಪ್ಯೂಟರ್ ಇಲ್ಲದ ಮಕ್ಕಳಿಗಾಗಿ ಎಂದು ತಂದ ಯಂತ್ರ ಮನೆ ಸೇರುವಂತಿಲ್ಲ!

ಐಪ್ಯಾಡ್ ಗದ್ದಲದ ಪಕ್ಕದಲ್ಲೇ ಇನ್ನೊಂದು ಅನಾಹುತ ನಡೆಯಿತು, ಅದು ಸುದ್ದಿಯಾದದ್ದು ಕಡಿಮೆ. ವಿಶೇಷ ಅಗತ್ಯದ ಮಕ್ಕಳ ಪರವಾಗಿ 1990ರ ದಶಕದಲ್ಲಿ ಹೂಡಿದ್ದ ದಾವೆಯೊಂದರ ರಾಜಿಯ ಪ್ರಕಾರ, ಡಿಸ್ಟ್ರಿಕ್ಟ್ ಎಲ್ಲ ವಿದ್ಯಾರ್ಥಿಗಳ ದಾಖಲೆಯನ್ನು ಒಂದೇ ವ್ಯವಸ್ಥೆಗೆ ತರಬೇಕಿತ್ತು. ಹಾಗೆ ಹುಟ್ಟಿದ ‘ಮೈಸಿಸ್’ ತಂತ್ರಾಂಶ 2014ರ ಆಗಸ್ಟಿನಲ್ಲಿ, ಶಾಲೆ ಶುರುವಾಗುವ ಹೊತ್ತಿಗೇ ಮುಗ್ಗರಿಸಿತು. ಜೆಫರ್ಸನ್ ಹೈಸ್ಕೂಲಿನಲ್ಲಿ ಎಷ್ಟೋ ಮಕ್ಕಳು ವಾರಗಟ್ಟಲೆ ಸರಿಯಾದ ವೇಳಾಪಟ್ಟಿಯಿಲ್ಲದೆ, ಬೇಡದ ತರಗತಿಗಳಲ್ಲಿ ಕಾಲ ಕಳೆದರು. ಅಕ್ಟೋಬರಿನಲ್ಲಿ ನ್ಯಾಯಾಲಯವೇ ರಾಜ್ಯ ಸರ್ಕಾರಕ್ಕೆ ಮಧ್ಯೆ ಬರಲು ಆದೇಶಿಸಿತು. ಫಿಲ್ಟರ್ ದಾಟಿದ ಹುಡುಗರ ಕತೆಗಿಂತ ಹೈಸ್ಕೂಲು ಮುಗಿಸಲು ಬೇಕಾದ ವಿಷಯವನ್ನೇ ಕಲಿಯಲಾಗದೆ ಕೂತ ಹುಡುಗರ ಕತೆ ದೊಡ್ಡದು, ಆದರೆ ತಂತ್ರಾಂಶದ ಫೋಟೋ ತೆಗೆಯಲು ಬರುವುದಿಲ್ಲವಲ್ಲ.

ಅದೇ ಆಗಸ್ಟಿನಲ್ಲಿ, ಟೆಂಡರಿಗೂ ಮುಂಚೆ ಡೀಸಿ ಮತ್ತು ಅವರ ಸಹಾಯಕರು ಆ್ಯಪಲ್, ಪಿಯರ್ಸನ್ ಅಧಿಕಾರಿಗಳ ಜೊತೆ ನಡೆಸಿದ್ದ ಇಮೇಲ್ ಮಾತುಕತೆ ಹೊರಬಿತ್ತು. ಡೀಸಿ ಒಪ್ಪಂದವನ್ನು ನಿಲ್ಲಿಸಿದರು. ತಾವು ತಪ್ಪು ಮಾಡಿಲ್ಲವೆಂದೇ ಹೇಳುತ್ತ ಅಕ್ಟೋಬರಿನಲ್ಲಿ ರಾಜೀನಾಮೆ ಕೊಟ್ಟರು. ಡಿಸೆಂಬರಿನಲ್ಲಿ ಎಫ್‌ಬಿಐ 20 ಪೆಟ್ಟಿಗೆ ಕಾಗದಪತ್ರ ಹೊತ್ತೊಯ್ದಿತು. 2017ರಲ್ಲಿ ಯಾರ ಮೇಲೂ ಆರೋಪ ಹೊರಿಸದೆ ತನಿಖೆ ಮುಗಿಯಿತು.

2015ರ ಜನವರಿಯಲ್ಲಿ ಒಕ್ಕೂಟ ಸರ್ಕಾರದ ಶಿಕ್ಷಣ ಇಲಾಖೆಯ ಪರಿಶೀಲನಾ ವರದಿಯೂ ಬಂತು. ಯೋಜನೆ ಒಂದೇ ಕಂಪನಿಯ ಪಠ್ಯಕ್ಕೆ ಜೋತುಬಿದ್ದಿತ್ತು, ತರಗತಿಯಲ್ಲಿ ಯಂತ್ರ ಏನು ಮಾಡಬೇಕೆಂಬ ಸಿದ್ಧತೆ ಸಾಲದಾಗಿತ್ತು ಎಂದು ಅದು ಹೇಳಿತು. ಇವೆಲ್ಲ 2013ರಲ್ಲೇ ಕೇಳಬಹುದಾಗಿದ್ದ ಪ್ರಶ್ನೆಗಳು. ಡೀಸಿಯವರ ಜಾಗಕ್ಕೆ ಮರಳಿ ಬಂದ ಹಿಂದಿನ ಸೂಪರಿಂಟೆಂಡೆಂಟ್ ರೇಮನ್ ಕಾರ್ಟಿನೆಸ್, ಮಗುವಿಗೊಂದು ಯಂತ್ರ ಕೊಡುವ ಶಕ್ತಿ ಡಿಸ್ಟ್ರಿಕ್ಟಿಗೆ ಇಲ್ಲವೆಂದರು. ಅದೇ ವರ್ಷ ಆ್ಯಪಲ್ 42 ಲಕ್ಷ ಡಾಲರ್, ಪಿಯರ್ಸನ್ ಪಠ್ಯವಿದ್ದ ಲ್ಯಾಪ್‌ಟಾಪ್ ಒದಗಿಸಿದ್ದ ಲೆನೊವೊ 22 ಲಕ್ಷ ಡಾಲರ್ ಕೊಟ್ಟು ಈ ಪಠ್ಯದ ವಿವಾದದಲ್ಲಿ ಡಿಸ್ಟ್ರಿಕ್ಟಿನ ಜೊತೆ ರಾಜಿ ಮಾಡಿಕೊಂಡವು.